ತೆಳುಗಾಳಿಯ ನಾಡಿನಲ್ಲಿ ವಿಮಾನ

2024ರ ಜುಲೈ ತಿಂಗಳ ಕೊನೆಯ ವಾರದ ಮಾತು. ನಮ್ಮ ಕಾಲೇಜಿನಲ್ಲಿ ಓದುತ್ತಿದ್ದ ಇಂಡಿ ತಾಲೂಕಿನ ವಿದ್ಯಾರ್ಥಿಯೊಬ್ಬನ ಅಣ್ಣ ಸೈನ್ಯದಲ್ಲಿದ್ದು, ಲಡಾಖಿನಿಂದ ಪಂಚಮಿ ಹಬ್ಬಕ್ಕೆ ಊರಿಗೆ ಬರುವವನಿದ್ದನು. ಲೇಹ್ ನಗರದ ವಿಮಾನನಿಲ್ದಾಣಕ್ಕೆ ಬಂದು ಕುಳಿತವನಿಗೆ, ಬಿಸಿಲು ಹೆಚ್ಚಾದುದರಿಂದ ಆ ದಿನದ ವಿಮಾನ ಹೊರಡುವುದಿಲ್ಲವೆಂದು ತಿಳಿಸಲಾಯಿತು. ಮಳೆಯಿಲ್ಲ, ಮಂಜಿಲ್ಲ, ಆಕಾಶ ತಿಳಿಯಾಗಿದೆ. ಆದರೂ ವಿಮಾನ ಏರದು! ಮೂರು ದಿನ ತಡವಾಗಿ ಊರು ಸೇರಿದ ಅಣ್ಣನಿಂದ ಈ ಸಂಗತಿಯನ್ನು ಕೇಳಿದ ಹುಡುಗನು ತರಗತಿಯಲ್ಲಿ ಎದ್ದು ನಿಂತು, “ಸರ, ಮೂವತ್ತೈದು ಡಿಗ್ರಿ ಅಂದ್ರ ನಮ್ಮೂರಾಗ ತಂಪು ಅಂತೀವ್ರಿ. ಅಷ್ಟಕ್ಕ ವಿಮಾನ ಯಾಕ ನಿಲ್ತದ?” ಎಂದು ಕೇಳಿದನು. ಇಡೀ ತರಗತಿ ನಕ್ಕಿತು. ಆದರೆ ಪ್ರಶ್ನೆ ನಗುವಂತಹುದಲ್ಲ. ಆ ದಿನಗಳಲ್ಲಿ ಲೇಹ್‌ನಲ್ಲಿ ಉಷ್ಣತೆ ವಾಡಿಕೆಯನ್ನು ಮೀರಿ ಏರಿದ್ದರಿಂದ ಅನೇಕ ವಿಮಾನಗಳು ನಿಜವಾಗಿಯೂ ರದ್ದಾಗಿದ್ದವು. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲನ್ನು ಉಣ್ಣುವ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ವಿದ್ಯಾರ್ಥಿಗಳಿಗೆ ಇದು ವಿಚಿತ್ರವಾಗಿ ಕಂಡರೆ ಆಶ್ಚರ್ಯವಿಲ್ಲ. ಈ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ, ಎತ್ತರದ ಪರ್ವತಪ್ರದೇಶಗಳಲ್ಲಿ ವಿಮಾನ ನಡೆಸುವ ವಿದ್ಯೆಯ ತಿರುಳೇ ನಮಗೆ ದೊರೆಯುತ್ತದೆ.

ಗಾಳಿಯ ಕಡಲು

ನಮ್ಮ ಜಿಲ್ಲೆಯ ಜನರೆಲ್ಲರಿಗೂ ಬಾಯಿಪಾಠವಾಗಿರುವ ಸಂಖ್ಯೆಯೊಂದಿದೆ: 519.60. ಹಿಂದೆ ಬಸವನ ಬಾಗೇವಾಡಿ ತಾಲೂಕಿಗೆ ಸೇರಿದ್ದು, ಈಗ ನಿಡಗುಂದಿ ತಾಲೂಕಿನಲ್ಲಿರುವ ಆಲಮಟ್ಟಿ ಜಲಾಶಯದ ಗರಿಷ್ಠ ನೀರಿನ ಮಟ್ಟ ಅದು. ಮಳೆಗಾಲದಲ್ಲಿ ದಿನಪತ್ರಿಕೆಗಳು ಈ ಮಟ್ಟವನ್ನು ನಿತ್ಯವೂ ಪ್ರಕಟಿಸುತ್ತವೆ. 519.60 ಮೀಟರು ಎಲ್ಲಿಂದ? ಅಣೆಕಟ್ಟಿನ ಬುಡದಿಂದಲ್ಲ, ಸಮುದ್ರಮಟ್ಟದಿಂದ. ಅಂದರೆ ಕೃಷ್ಣೆಯ ದಂಡೆಯಲ್ಲಿ ನಿಂತವನು ಕಡಲ ತೀರದವನಿಗಿಂತ ಅರ್ಧ ಕಿಲೋಮೀಟರು ಮೇಲೆ ನಿಂತಿದ್ದಾನೆ.

ಭೂಮಿಯನ್ನು ಸುತ್ತುವರಿದ ವಾಯುಮಂಡಲವನ್ನು ಗಾಳಿಯ ಕಡಲೆಂದು ಭಾವಿಸಬಹುದು. ನಾವು ಅದರ ತಳದಲ್ಲಿ ವಾಸಿಸುತ್ತೇವೆ. ಮೇಲೇರಿದಂತೆ ನಮ್ಮ ತಲೆಯ ಮೇಲಿರುವ ಗಾಳಿಯ ಹೊರೆ ಕಡಿಮೆಯಾಗುತ್ತದೆ. ಸಮುದ್ರಮಟ್ಟದಲ್ಲಿ ವಾಯುಭಾರಮಾಪಕದ ಪಾದರಸ 760 ಮಿಲಿಮೀಟರು ನಿಂತರೆ ಆಲಮಟ್ಟಿಯ ಮಟ್ಟದಲ್ಲಿ ಸುಮಾರು 714 ಮಿಲಿಮೀಟರು ನಿಲ್ಲುತ್ತದೆ. ಲೇಹ್ ವಿಮಾನನಿಲ್ದಾಣದ ಎತ್ತರ 3,256 ಮೀಟರು, ಎಂದರೆ ಆಲಮಟ್ಟಿಯ ಮಟ್ಟದ ಆರು ಪಟ್ಟಿಗಿಂತ ಹೆಚ್ಚು. ಅಲ್ಲಿ ಪಾದರಸ ನಿಲ್ಲುವುದು ಸುಮಾರು 510 ಮಿಲಿಮೀಟರು ಮಾತ್ರ. ಮೂರರಲ್ಲಿ ಒಂದು ಪಾಲು ವಾಯುಮಂಡಲವನ್ನು ಆ ಊರು ಕಾಲಕೆಳಗೆ ಬಿಟ್ಟು ನಿಂತಿದೆಯೆಂದು ಹೇಳಬಹುದು.

ಗಾಳಿಗೆ ತೂಕವೆಲ್ಲಿ ಎಂದು ಕೇಳುವವರುಂಟು. ಎಂಟು ಮೀಟರು ಉದ್ದ, ಆರು ಮೀಟರು ಅಗಲ, ನಾಲ್ಕು ಮೀಟರು ಎತ್ತರವಿರುವ ತರಗತಿಯ ಕೋಣೆಯನ್ನು ತೆಗೆದುಕೊಳ್ಳಿ. ಅದರ ಗಾತ್ರ 192 ಘನ ಮೀಟರು. ನಮ್ಮ ಸೀಮೆಯ ಬೇಸಗೆಯಲ್ಲಿ ಒಂದು ಘನ ಮೀಟರು ಗಾಳಿಯ ತೂಕ ಸುಮಾರು 1.05 ಕಿಲೋಗ್ರಾಂ ಇರುವುದರಿಂದ ಆ ಕೋಣೆಯ ಗಾಳಿ 200 ಕಿಲೋಗ್ರಾಂ ತೂಗುತ್ತದೆ. ಕ್ವಿಂಟಲ್ ಚೀಲದ ಲೆಕ್ಕದಲ್ಲಿ ಅದು ಎರಡು ಚೀಲ ಜೋಳ! ಅದೇ ಕೋಣೆಯನ್ನು ಲೇಹ್‌ನಲ್ಲಿ ಕಟ್ಟಿದರೆ, 25 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ, ಒಳಗೆ ಒಂದೂವರೆ ಚೀಲದಷ್ಟು ಗಾಳಿ ಮಾತ್ರ ಇರುತ್ತದೆ. ಕಣದಲ್ಲಿ ರಾಶಿ ತೂರುವ ರೈತನಿಗೆ ಗಾಳಿಯ ಬಲ ಗೊತ್ತು. ಬೀಸುವ ಗಾಳಿ ಹೊಟ್ಟನ್ನು ಒಯ್ಯುತ್ತದೆ, ಕಾಳನ್ನು ಬಿಡುತ್ತದೆ. ಆ ಬಲವು ಗಾಳಿಯ ವೇಗದಿಂದಲೂ ಬಂದುದು, ಅದರ ತೂಕದಿಂದಲೂ ಬಂದುದು. ವಿಮಾನದ ಕಥೆಯೂ ಇದೇ.

ರೆಕ್ಕೆಯ ಲೆಕ್ಕ

ವಿಮಾನದ ರೆಕ್ಕೆಯು ಮುನ್ನುಗ್ಗುವಾಗ ಎದುರಾದ ಗಾಳಿಯನ್ನು ಕೆಳಗೆ ತಳ್ಳುತ್ತದೆ. ಅದರ ಪ್ರತಿಕ್ರಿಯೆಯಾಗಿ ಗಾಳಿಯು ರೆಕ್ಕೆಯನ್ನು ಮೇಲಕ್ಕೆತ್ತುತ್ತದೆ. ಈ ಎತ್ತುವ ಬಲವು ಗಾಳಿಯ ಸಾಂದ್ರತೆಗೆ ಅನುಪಾತದಲ್ಲಿದೆ, ವೇಗದ ವರ್ಗಕ್ಕೂ ಅನುಪಾತದಲ್ಲಿದೆ. ಆದ್ದರಿಂದ ಸಾಂದ್ರತೆ ಕಡಿಮೆಯಾದ ಕಡೆ ವೇಗವನ್ನು ಹೆಚ್ಚಿಸಿ ಆ ಕೊರತೆಯನ್ನು ತುಂಬಬೇಕು.

ಲೇಹ್‌ಗೆ ಹೋಗುವ ಏರ್‌ಬಸ್ 320 ಜಾತಿಯ ವಿಮಾನವನ್ನು ಉದಾಹರಣೆಯಾಗಿ ಹಿಡಿಯೋಣ. ಅದರ ರೆಕ್ಕೆಗಳ ವಿಸ್ತೀರ್ಣ 122.6 ಚದರ ಮೀಟರು. ವಿಮಾನದ ಒಟ್ಟು ತೂಕ 65 ಟನ್ ಎಂದಿಟ್ಟುಕೊಂಡರೆ ರೆಕ್ಕೆಯ ಒಂದೊಂದು ಚದರ ಮೀಟರೂ ಸುಮಾರು 530 ಕಿಲೋಗ್ರಾಂ, ಅಂದರೆ ಐದು ಚೀಲಕ್ಕಿಂತ ಹೆಚ್ಚು ಜೋಳದ ಭಾರವನ್ನು ಗಾಳಿಯ ಮೇಲೆ ಹೊರಬೇಕಾಗುತ್ತದೆ. ಇದಕ್ಕೆ ಸಮುದ್ರಮಟ್ಟದಲ್ಲಿ ಗಂಟೆಗೆ 260 ಕಿಲೋಮೀಟರು ವೇಗ ಸಾಕೆನ್ನೋಣ. 25 ಡಿಗ್ರಿಯ ದಿನ ಲೇಹ್‌ನ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಪ್ರಮಾಣಿತ ಗಾಳಿಯ 0.65ರಷ್ಟಿರುತ್ತದೆ. 0.65ರ ವರ್ಗಮೂಲದಿಂದ 260ನ್ನು ಭಾಗಿಸಿದರೆ ಬರುವುದು ಸುಮಾರು 323. ಅಂದರೆ ಅದೇ ವಿಮಾನ, ಅದೇ ತೂಕ, ಆದರೆ ನೆಲ ಬಿಡುವಾಗ ಗಂಟೆಗೆ 63 ಕಿಲೋಮೀಟರು ಹೆಚ್ಚು ವೇಗ.

ಇಲ್ಲಿ ಒಂದು ಸೊಗಸಾದ ಸಂಗತಿಯಿದೆ. ವಿಮಾನದ ವೇಗಮಾಪಕವು ಎದುರುಗಾಳಿಯು ಕೊಳವೆಯೊಂದನ್ನು ಒತ್ತುವ ಬಲವನ್ನು ಅಳೆದು ವೇಗವನ್ನು ತೋರಿಸುತ್ತದೆ. ಆ ಬಲವೂ ಸಾಂದ್ರತೆಯನ್ನು ಅವಲಂಬಿಸಿದೆ. ಆದ್ದರಿಂದ ಚಾಲಕನ ಕಣ್ಣೆದುರಿನ ಮುಳ್ಳು ಲೇಹ್‌ನಲ್ಲಿಯೂ 260ನ್ನೇ ತೋರಿಸುತ್ತದೆ! ರೆಕ್ಕೆಗೆ ಏನೂ ಬದಲಾಗಿಲ್ಲ. ಬದಲಾಗಿರುವುದು ನೆಲಕ್ಕೆ ಮಾತ್ರ. ಹಾರುವಾಗ ವಿಮಾನವು ಗಾಳಿಯನ್ನು ಆಶ್ರಯಿಸುತ್ತದೆ, ಆದರೆ ಓಡುವಾಗ, ನಿಲ್ಲುವಾಗ ನೆಲವನ್ನೇ ಆಶ್ರಯಿಸಬೇಕು. ಗಾಳಿಯ ಲೆಕ್ಕ ಮತ್ತು ನೆಲದ ಲೆಕ್ಕ ಸಮುದ್ರಮಟ್ಟದಲ್ಲಿ ಒಂದೇ ಆಗಿದ್ದು ಎತ್ತರದಲ್ಲಿ ಬೇರೆ ಬೇರೆಯಾಗುತ್ತವೆ. ಪರ್ವತನಿಲ್ದಾಣಗಳ ಎಲ್ಲ ಕಷ್ಟಗಳ ಮೂಲ ಈ ಅಂತರದಲ್ಲಿದೆ.

ಇಳಿಯುವಾಗಲೂ ಹಾಗೆಯೇ. ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ ಲೇಹ್‌ನಲ್ಲಿ ಇಳಿಯುವ ವಿಮಾನದ ಬ್ರೇಕುಗಳು ಒಂದೂವರೆ ಪಟ್ಟು ಶಕ್ತಿಯನ್ನು ಶಾಖವಾಗಿ ಮಾರ್ಪಡಿಸಬೇಕಾಗುತ್ತದೆ. ಟೈರುಗಳಿಗೂ ಮಿತಿಯುಂಟು. ಇಂತಹ ವಿಮಾನಗಳ ಟೈರುಗಳನ್ನು ಸಾಮಾನ್ಯವಾಗಿ ಗಂಟೆಗೆ ಸುಮಾರು 360 ಕಿಲೋಮೀಟರು ವೇಗದವರೆಗೆ ಮಾತ್ರ ಬಳಸಬಹುದು. 323 ಎಂಬುದು ಆ ಮಿತಿಯಿಂದ ಬಹಳ ದೂರವಿಲ್ಲ.

ಎಂಜಿನಿನ ಬಳಲಿಕೆ

ರೆಕ್ಕೆಗೆ ಹೆಚ್ಚು ವೇಗ ಬೇಕಾದ ಜಾಗದಲ್ಲಿಯೇ ಎಂಜಿನಿನ ಬಲವೂ ಕುಗ್ಗುತ್ತದೆ. ಜೆಟ್ ಎಂಜಿನು ಮುಂದಿನಿಂದ ಗಾಳಿಯನ್ನು ಎಳೆದುಕೊಂಡು ಹಿಂದಕ್ಕೆ ರಭಸದಿಂದ ಎಸೆಯುತ್ತದೆ. ಎಸೆಯುವ ಗಾಳಿಯ ತೂಕ ಕಡಿಮೆಯಾದರೆ ನೂಕುಬಲವೂ ಕಡಿಮೆ. ಸ್ಥೂಲವಾಗಿ, ಸಾಂದ್ರತೆ 0.65ಕ್ಕೆ ಇಳಿದರೆ ನೂಕುಬಲವೂ ಅಷ್ಟೇ ಇಳಿಯುತ್ತದೆಂದು ತಿಳಿಯಬಹುದು.

ಈಗ ಎರಡನ್ನೂ ಕೂಡಿಸಿ ನೋಡೋಣ. ವಿಮಾನ ಓಡಬೇಕಾದ ದೂರವು ವೇಗದ ವರ್ಗಕ್ಕೆ ನೇರ ಅನುಪಾತದಲ್ಲಿಯೂ ವೇಗವೃದ್ಧಿಗೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ವೇಗದ ವರ್ಗ 1.54 ಪಟ್ಟು ಏರಿತು, ವೇಗವೃದ್ಧಿ 0.65ಕ್ಕೆ ಇಳಿಯಿತು. ಆದ್ದರಿಂದ ದೂರವು ಸುಮಾರು 2.4 ಪಟ್ಟಾಯಿತು. ಸಮುದ್ರಮಟ್ಟದಲ್ಲಿ 1,500 ಮೀಟರು ಓಡಿ ಏರುವ ವಿಮಾನವು ಲೇಹ್‌ನಲ್ಲಿ 3,600 ಮೀಟರು ಓಡಬೇಕು. ಆದರೆ ಲೇಹ್‌ನ ರನ್‌ವೇ ಇರುವುದೇ ಸುಮಾರು 2,750 ಮೀಟರು! ಬೊಲಿವಿಯ ದೇಶದ ಲಾ ಪಾಸ್ ನಗರದ ಎಲ್ ಆಲ್ಟೊ ನಿಲ್ದಾಣ 4,061 ಮೀಟರು ಎತ್ತರದಲ್ಲಿದ್ದರೂ ಅದು ವಿಶಾಲವಾದ ಪ್ರಸ್ಥಭೂಮಿಯಾದುದರಿಂದ ಅಲ್ಲಿ 4,000 ಮೀಟರು ಉದ್ದದ ರನ್‌ವೇ ಹಾಕಲು ಸಾಧ್ಯವಾಯಿತು. ಸಿಂಧೂ ನದಿಯ ಇಕ್ಕಟ್ಟಾದ ಕಣಿವೆಯಲ್ಲಿ ಅಂತಹ ಅವಕಾಶವಿಲ್ಲ.

ಉಳಿದ ದಾರಿ ಒಂದೇ: ಭಾರ ಇಳಿಸುವುದು. ತೂಕ ಕಡಿಮೆಯಾದರೆ ಬೇಕಾದ ವೇಗವೂ ಕಡಿಮೆ, ವೇಗವೃದ್ಧಿಯೂ ಹೆಚ್ಚು. ದೂರವು ಹೆಚ್ಚುಕಡಿಮೆ ತೂಕದ ವರ್ಗವನ್ನು ಅನುಸರಿಸುತ್ತದೆ. 65 ಟನ್ನಿನ ವಿಮಾನವನ್ನು 53 ಟನ್ನಿಗೆ ಇಳಿಸಿದರೆ 3,600 ಮೀಟರಿನ ಓಟ ಸುಮಾರು 2,400 ಮೀಟರಿಗೆ ಇಳಿಯುತ್ತದೆ. ಇಳಿಸಿದ ಹನ್ನೆರಡು ಟನ್ ಏನು? ಇಂಧನ, ಸರಕು, ಕೊನೆಗೆ ಮನುಷ್ಯರು. ಲೇಹ್‌ನಿಂದ ಹೊರಡುವ ವಿಮಾನದಲ್ಲಿ ಕೆಲವು ಆಸನಗಳು ಖಾಲಿಯಿದ್ದರೆ, ಅವುಗಳಲ್ಲಿ ಕುಳಿತಿರುವುದು ಅಲ್ಲಿಲ್ಲದ ಗಾಳಿಯೆಂದು ತಿಳಿಯಬೇಕು.

ಬಿಸಿಲಿನ ಪಾತ್ರ

ಈಗ ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಒತ್ತಡ ಒಂದೇ ಇದ್ದರೂ ಗಾಳಿ ಕಾದರೆ ಹಿಗ್ಗುತ್ತದೆ. ಅದರ ಸಾಂದ್ರತೆ ನಿರಪೇಕ್ಷ ಉಷ್ಣತೆಗೆ ವಿಲೋಮ ಅನುಪಾತದಲ್ಲಿರುತ್ತದೆ. ಲೇಹ್‌ನಲ್ಲಿ ಬೆಳಗಿನ ಉಷ್ಣತೆ 5 ಡಿಗ್ರಿ, ಅಂದರೆ 278 ಕೆಲ್ವಿನ್ ಇದ್ದು, ಮಧ್ಯಾಹ್ನ 35 ಡಿಗ್ರಿ, ಅಂದರೆ 308 ಕೆಲ್ವಿನ್ ಆಯಿತೆನ್ನೋಣ. 278ನ್ನು 308ರಿಂದ ಭಾಗಿಸಿದರೆ 0.90. ಮೊದಲೇ ತೆಳುವಾಗಿದ್ದ ಗಾಳಿಯಲ್ಲಿ ಮತ್ತೆ ಹತ್ತರಲ್ಲೊಂದು ಪಾಲು ಹೋಯಿತು. ನಮ್ಮ 53 ಟನ್ ವಿಮಾನಕ್ಕೆ ಬೆಳಗ್ಗೆ ಸುಮಾರು 2,070 ಮೀಟರು ಸಾಕಾಗಿದ್ದ ಓಟ ಮಧ್ಯಾಹ್ನ 2,540 ಮೀಟರು ಆಗುತ್ತದೆ. ಅಷ್ಟು ದೂರ ಓಡಿದ ಮೇಲೆ, ಏನಾದರೂ ತೊಡಕಾದರೆ ನಿಲ್ಲಲು ಉಳಿಯುವ ಜಾಗ ಎಷ್ಟೆಂಬುದನ್ನು ಓದುಗರೇ ಎಣಿಸಿಕೊಳ್ಳಬಹುದು.

ವೈಮಾನಿಕರು ಇದನ್ನು ‘ಸಾಂದ್ರತಾ ಎತ್ತರ’ವೆಂಬ ಮಾತಿನಿಂದ ಹೇಳುತ್ತಾರೆ. ಇಂದಿನ ಗಾಳಿಯಷ್ಟು ತೆಳುವಾದ ಗಾಳಿ ಪ್ರಮಾಣಿತ ವಾಯುಮಂಡಲದಲ್ಲಿ ಯಾವ ಎತ್ತರದಲ್ಲಿ ಸಿಗುತ್ತದೆಯೋ ಅದೇ ಇಂದಿನ ಸಾಂದ್ರತಾ ಎತ್ತರ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರದಲ್ಲಿದೆ. 42 ಡಿಗ್ರಿಯ ಮಧ್ಯಾಹ್ನ ಅದರ ಸಾಂದ್ರತಾ ಎತ್ತರ ಸುಮಾರು 1,650 ಮೀಟರು. ಬಿಸಿಲೇ ನಮ್ಮ ಊರನ್ನು ಒಂದು ಕಿಲೋಮೀಟರು ಮೇಲಕ್ಕೆತ್ತಿತು! ಆದರೂ ಅಪಾಯವೇನಿಲ್ಲ. ವಿಜಯಪುರದ ಬಳಿ ಮದಭಾವಿಯ ಹತ್ತಿರ 2021ರಲ್ಲಿ ವಿಮಾನನಿಲ್ದಾಣದ ಕಾಮಗಾರಿ ಆರಂಭವಾದ ಭೂಮಿಯನ್ನು ನೋಡಿದವರಿಗೆ ಗೊತ್ತು, ಸುತ್ತಲೂ ಕಣ್ಣು ಹಾಯುವವರೆಗೆ ಬಯಲು. ರನ್‌ವೇಯನ್ನು ಉದ್ದವಾಗಿ ಹಾಕಬಹುದು. ಏರಿದ ವಿಮಾನ ನಿಧಾನವಾಗಿ ಮೇಲೆ ಹೋದರೂ ಎದುರಿಗೆ ಅಡ್ಡ ಬರುವ ಬೆಟ್ಟವಿಲ್ಲ.

ಲೇಹ್‌ನಲ್ಲಿ 35 ಡಿಗ್ರಿಯಾದರೆ ಸಾಂದ್ರತಾ ಎತ್ತರ ಸುಮಾರು 4,600 ಮೀಟರಿಗೆ ಏರುತ್ತದೆ. ಜಗತ್ತಿನ ಅತಿ ಎತ್ತರದ ನಾಗರಿಕ ವಿಮಾನನಿಲ್ದಾಣವಾದ ಚೀನದ ದಾವೋಚೆಂಗ್ ಯಾದಿಂಗ್ ಇರುವುದು 4,411 ಮೀಟರಿನಲ್ಲಿ. 3,256 ಮೀಟರಿನ ಲೇಹ್ ಆ ಮಧ್ಯಾಹ್ನ ಅದನ್ನೂ ಮೀರಿಸಿದಂತಾಯಿತು. 35 ಡಿಗ್ರಿ ನಮಗೆ ತಂಪು, ನಿಜ. ಆದರೆ ಬಿಸಿಲನ್ನು ಅನುಭವಿಸುವವನು ಅಲ್ಲಿ ಪ್ರಯಾಣಿಕನಲ್ಲ, ರೆಕ್ಕೆ.

ಬೆಟ್ಟಗಳ ನಡುವೆ

ಇಷ್ಟರಿಂದಲೇ ಕಷ್ಟ ಮುಗಿಯಲಿಲ್ಲ. ಪ್ರಯಾಣಿಕ ವಿಮಾನವೊಂದು ಹೊರಡುವ ಮುನ್ನ ಚಾಲಕನು ಒಂದು ಪ್ರಶ್ನೆಗೆ ಉತ್ತರ ಸಿದ್ಧಮಾಡಿಕೊಂಡಿರಬೇಕು: ಓಡುತ್ತಿರುವಾಗಲೇ ಎರಡರಲ್ಲಿ ಒಂದು ಎಂಜಿನು ಕೆಟ್ಟರೆ ಏನು ಮಾಡಬೇಕು? ಇದಕ್ಕಾಗಿ ಪ್ರತಿಯೊಂದು ಹಾರಾಟಕ್ಕೂ ಒಂದು ನಿರ್ಣಯದ ವೇಗವನ್ನು ಲೆಕ್ಕಹಾಕಿರುತ್ತಾರೆ. ಅದಕ್ಕೆ ಮುಂಚೆ ಎಂಜಿನು ಕೆಟ್ಟರೆ ನಿಲ್ಲಬೇಕು, ಉಳಿದ ರನ್‌ವೇ ಸಾಲಬೇಕು. ಅನಂತರ ಕೆಟ್ಟರೆ ಒಂದೇ ಎಂಜಿನಿನಿಂದ ಏರಲೇಬೇಕು, ಬೆಟ್ಟಗಳನ್ನು ದಾಟಲೇಬೇಕು.

ಎರಡರಲ್ಲಿ ಒಂದು ಹೋದರೆ ಏರುವ ಸಾಮರ್ಥ್ಯ ಅರ್ಧವಾಗುತ್ತದೆಯೆಂದು ತಿಳಿದರೆ ತಪ್ಪು. ಜೋಡೆತ್ತಿನ ಗಾಡಿ ದಿಬ್ಬ ಹತ್ತುವಾಗ ಒಂದು ಎತ್ತು ಕುಸಿದರೆ ಗಾಡಿ ಅರ್ಧ ವೇಗದಲ್ಲಿ ಹತ್ತುವುದಿಲ್ಲ, ಹಿಂದಕ್ಕೆ ಜಾರಲೂ ಬಹುದು. ಎಂಜಿನಿನ ಬಲದ ಬಹುಭಾಗವು ಗಾಳಿಯ ತಡೆಯನ್ನು ಎದುರಿಸುವುದರಲ್ಲಿಯೇ ವ್ಯಯವಾಗುತ್ತದೆ. ಮಿಕ್ಕುದು ಮಾತ್ರ ಏರುವುದಕ್ಕೆ. ತಡೆ ಹಾಗೆಯೇ ಇದ್ದು ಬಲ ಅರ್ಧವಾದಾಗ ಮಿಗತೆ ಅತ್ಯಲ್ಪವಾಗುತ್ತದೆ. ಲೇಹ್‌ನ ಉತ್ತರಕ್ಕೆ ಲಡಾಖ್ ಶ್ರೇಣಿ, ದಕ್ಷಿಣಕ್ಕೆ 6,153 ಮೀಟರು ಎತ್ತರದ ಸ್ತೋಕ್ ಕಾಂಗ್ರಿ ಶಿಖರವಿರುವ ಶ್ರೇಣಿ. ಈ ಅಲ್ಪ ಮಿಗತೆಯಿಂದಲೇ ಕಣಿವೆಯನ್ನು ಹಿಡಿದು ಸುರಕ್ಷಿತವಾಗಿ ಹೊರಬೀಳುವ ದಾರಿಯನ್ನು ಮೊದಲೇ ಗುರುತಿಸಿರಬೇಕು. ಭಾರವನ್ನು ಮಿತಿಗೊಳಿಸುವುದು ಅನೇಕ ಬಾರಿ ರನ್‌ವೇಯ ಉದ್ದವಲ್ಲ, ಈ ಲೆಕ್ಕವೇ.

ಲೇಹ್‌ನ ರನ್‌ವೇ ಮಟ್ಟಸವಾಗಿಲ್ಲ, ಪೂರ್ವದ ಕಡೆಗೆ ಏರುತ್ತ ಹೋಗುತ್ತದೆ. ವಿಮಾನಗಳು ಸಾಮಾನ್ಯವಾಗಿ ಪಶ್ಚಿಮದಲ್ಲಿರುವ ಸ್ಪಿತುಕ್ ಬೌದ್ಧವಿಹಾರದ ಕಡೆಯಿಂದ ಬಂದು ಏರಿನ ಮೇಲೆ ಇಳಿಯುತ್ತವೆ. ಹೊರಡುವಾಗ ಅದೇ ಪಶ್ಚಿಮಕ್ಕೆ ಇಳಿಜಾರಿನಲ್ಲಿ ಓಡಿ ಏರುತ್ತವೆ. ಇಳಿಯುವಾಗ ಗುರುತ್ವವು ಬ್ರೇಕಿಗೆ ನೆರವಾಗುತ್ತದೆ, ಹೊರಡುವಾಗ ಎಂಜಿನಿಗೆ ನೆರವಾಗುತ್ತದೆ. ಹೊತ್ತೇರಿದಂತೆ ಬೆಟ್ಟದ ಇಳಿಜಾರುಗಳು ಕಾದು ಕಣಿವೆಯಲ್ಲಿ ಬಿರುಸಾದ, ಕದಡಿದ ಗಾಳಿ ಬೀಸತೊಡಗುತ್ತದೆ. ತಂಪು ಗಾಳಿ, ಶಾಂತ ಗಾಳಿ ಎರಡೂ ದೊರೆಯುವುದು ಮುಂಜಾನೆ. ಅಲ್ಲಿನ ನಾಗರಿಕ ವಿಮಾನಗಳ ಓಡಾಟ ಮುಖ್ಯವಾಗಿ ಬೆಳಗಿನ ಹೊತ್ತಿಗೆ ಸೀಮಿತವಾಗಿ ಬಂದಿರುವುದು ಈ ಕಾರಣದಿಂದ.

ಕೆಳಗಿಳಿದಂತೆ ಕಡಿಮೆಯಾಗುವ ಒತ್ತಡ

ವಿಮಾನ ಹತ್ತು ಸಾವಿರ ಮೀಟರು ಮೇಲೆ ಹಾರುತ್ತಿದ್ದರೂ ಅದರೊಳಗೆ ಗಾಳಿಯನ್ನು ಒತ್ತಿ ತುಂಬಿರುವುದರಿಂದ ಪ್ರಯಾಣಿಕನಿಗೆ ತಾನು ಹೆಚ್ಚೆಂದರೆ 2,440 ಮೀಟರು ಎತ್ತರದಲ್ಲಿದ್ದಂತೆ ಅನಿಸುತ್ತದೆ. ಬೆಂಗಳೂರಿನಲ್ಲಿ ಇಳಿಯುವಾಗ ಒಳಗಿನ ಒತ್ತಡವನ್ನು ನಿಧಾನವಾಗಿ ಹೆಚ್ಚಿಸುತ್ತ ಬರುತ್ತಾರೆ. ಲೇಹ್‌ನಲ್ಲಿ ಇದು ತಲೆಕೆಳಗು. ನೆಲವೇ 3,256 ಮೀಟರಿನಲ್ಲಿದೆ! ಆದ್ದರಿಂದ ವಿಮಾನ ಕೆಳಗಿಳಿಯುತ್ತಿರುವಾಗ ಅದರೊಳಗಿನ ಒತ್ತಡವನ್ನು ಕಡಿಮೆ ಮಾಡಬೇಕಾಗುತ್ತದೆ. ಹೊರಗಣ್ಣಿಗೆ ಇಳಿಯುತ್ತಿರುವ ಪ್ರಯಾಣಿಕನು ಶ್ವಾಸಕೋಶದ ಲೆಕ್ಕದಲ್ಲಿ ಬೆಟ್ಟ ಹತ್ತುತ್ತಿರುತ್ತಾನೆ. ಅಲ್ಲಿಗೆ ಹೋದವರು ಮೊದಲ ಒಂದೆರಡು ದಿನ ವಿಶ್ರಾಂತಿ ಪಡೆಯಬೇಕೆಂದು ವೈದ್ಯರು ಹೇಳುವುದು ಈ ಕಾರಣಕ್ಕೆ. ರೆಕ್ಕೆಗೆ, ಎಂಜಿನಿಗೆ ಆದ ಕೊರತೆಯೇ ರಕ್ತಕ್ಕೂ ಆಗುತ್ತದೆ.

ದಾರಿಯಲ್ಲಿ ಒಳಗಿನ ಒತ್ತಡ ಹಠಾತ್ತನೆ ಹೋದರೆ ವಿಮಾನವು ಸುಮಾರು 3,000 ಮೀಟರಿಗೆ ಬೇಗನೆ ಇಳಿಯಬೇಕೆಂಬುದು ಸಾಮಾನ್ಯ ವಿಧಿ. ಹಿಮಾಲಯದ ಮೇಲೆ ಹಾಗೆ ಇಳಿಯಲು ಬರುವುದಿಲ್ಲ, ಕೆಳಗೆ ಅದಕ್ಕಿಂತ ಎತ್ತರದ ಬೆಟ್ಟಗಳಿವೆ. ಪ್ರಯಾಣಿಕರ ಮುಖವಾಡಗಳಲ್ಲಿರುವ ಆಮ್ಲಜನಕ ಅನೇಕ ವಿಮಾನಗಳಲ್ಲಿ ಹನ್ನೆರಡರಿಂದ ಹದಿನೈದು ನಿಮಿಷಕ್ಕೆ ಮಾತ್ರ ಸಾಲುತ್ತದೆ. ಆದುದರಿಂದ ಮಾರ್ಗದ ಪ್ರತಿಯೊಂದು ಭಾಗದಲ್ಲಿಯೂ ಯಾವ ಕಡೆಗೆ ತಿರುಗಿ ತಗ್ಗು ಪ್ರದೇಶವನ್ನು ಸೇರಬೇಕೆಂಬುದನ್ನು ಹೊರಡುವ ಮೊದಲೇ ನಿಶ್ಚಯಿಸಿಕೊಂಡಿರುತ್ತಾರೆ.

1948ರ ಡಕೋಟ

ಇಷ್ಟೆಲ್ಲ ಲೆಕ್ಕ ತಿಳಿದ ಮೇಲೆ, ಲೇಹ್‌ನಲ್ಲಿ ಮೊದಲ ವಿಮಾನ ಇಳಿದ ದಿನವನ್ನು ನೆನೆಯುವುದು ಉಚಿತ. 1948ರಲ್ಲಿ ದಾಳಿಕಾರರು ಸಿಂಧೂ ಕಣಿವೆಯ ಮೂಲಕ ಲೇಹ್‌ನತ್ತ ಒತ್ತುತ್ತಿದ್ದರು. ರಸ್ತೆಯ ಮೂಲಕ ಸೈನ್ಯ ಸಕಾಲಕ್ಕೆ ತಲುಪುವ ಸಂಭವವಿರಲಿಲ್ಲ. ಸೋನಮ್ ನೋರ್ಬು ಎಂಬ ಲಡಾಖಿ ಎಂಜಿನಿಯರರು ಊರ ಜನರನ್ನು ಕೂಡಿಕೊಂಡು ನದಿಯ ಸಮೀಪ ತಾತ್ಕಾಲಿಕವಾದ ಮಣ್ಣಿನ ರನ್‌ವೇಯೊಂದನ್ನು ಸಿದ್ಧಪಡಿಸಿದರು. ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ಅವರು ಡಕೋಟ ವಿಮಾನವನ್ನು ಅಲ್ಲಿ ಇಳಿಸಿದರು. ಅವರ ಜೊತೆಯಲ್ಲಿ ಪ್ರಯಾಣಿಕರಾಗಿ ಕುಳಿತಿದ್ದವರು ನಮ್ಮ ಕೊಡಗಿನ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯನವರು. ದಾರಿಯ ಸರಿಯಾದ ನಕ್ಷೆಯಿಲ್ಲ, ಒತ್ತಡವನ್ನು ಕಾಯುವ ಕೋಣೆಯಿಲ್ಲ, ಇಳಿಯಲು ಆಗದಿದ್ದರೆ ಹತ್ತಿರದಲ್ಲಿ ಬೇರೆ ನಿಲ್ದಾಣವಿಲ್ಲ. ಅವರ ಹಿಂದೆಯೇ ಸೈನಿಕರು ವಿಮಾನದ ಮೂಲಕ ಬಂದಿಳಿದರು. ಲೇಹ್ ಉಳಿಯಿತು.

ಆ ಸಾಹಸದಲ್ಲಿ ಧೈರ್ಯವಿದ್ದಷ್ಟೇ ಭೌತಶಾಸ್ತ್ರವೂ ಇತ್ತು. ಡಕೋಟ ಮೂಲತಃ ಪ್ರಯಾಣಿಕರ ವಿಮಾನ, 1935ರಲ್ಲಿ ಮೊದಲು ಹಾರಿದ ಡಿ.ಸಿ. 3ರ ಸೈನಿಕ ರೂಪ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಇಂತಹ ವಿಮಾನಗಳ ದುರಸ್ತಿ ನಡೆಯುತ್ತಿತ್ತು. ಅದರ ರೆಕ್ಕೆಯ ವಿಸ್ತೀರ್ಣ ಸುಮಾರು 92 ಚದರ ಮೀಟರು, ತುಂಬಿದ ತೂಕ ಹನ್ನೊಂದೂವರೆ ಟನ್. ಚದರ ಮೀಟರಿಗೆ ಬೀಳುವ ಭಾರ 125 ಕಿಲೋಗ್ರಾಂ, ಎಂದರೆ ಒಂದೂಕಾಲು ಚೀಲ ಮಾತ್ರ. ಇಂದಿನ ಜೆಟ್ ವಿಮಾನದ ಐದು ಚೀಲಕ್ಕೂ ಇದಕ್ಕೂ ಹೋಲಿಸಿ ನೋಡಿ. ರೆಕ್ಕೆಯ ಮೇಲಿನ ಹೊರೆ ಹಗುರವಾದುದರಿಂದ ತೆಳುಗಾಳಿಯಲ್ಲಿಯೂ ಅದು ನಿಧಾನವಾಗಿ ಬಂದು ಮಣ್ಣಿನ ಮೇಲೆ ಇಳಿಯಬಲ್ಲುದಾಗಿತ್ತು.

ಅಂದು ಇಳಿದವರೂ, 2024ರಲ್ಲಿ ಹೊರಡದೆ ನಿಂತವರೂ ಒಂದೇ ನಿಯಮಕ್ಕೆ ತಲೆಬಾಗಿದ್ದರು. ಇಂಡಿಯ ಯೋಧನಿಗೆ ಆ ಮೂರು ದಿನ ಬೇಸರವಾಗಿರಬಹುದು. ಆದರೆ ಯಾರೋ ಒಬ್ಬರು ಉಷ್ಣತಾಮಾಪಕವನ್ನು ನೋಡಿ, ಕೋಷ್ಟಕವನ್ನು ತೆರೆದು, ‘ಇಂದು ಬೇಡ’ ಎಂದು ಹೇಳಿದ್ದರಿಂದಲೇ ಅವನು ಪಂಚಮಿಗೆ ಮೊದಲು ಕ್ಷೇಮವಾಗಿ ಮನೆ ಸೇರಿದನು. ವಿದ್ಯಾರ್ಥಿಗಳು ಪರೀಕ್ಷೆಗೆಂದು ಕಂಠಪಾಠ ಮಾಡುವ ಅನಿಲನಿಯಮವು ದಿನವೂ ನೂರಾರು ಜೀವಗಳನ್ನು ಕಾಯುತ್ತಿದೆಯೆಂಬುದು ಇದರಿಂದ ಮನದಟ್ಟಾದರೆ ಈ ಪಾಠ ಸಾರ್ಥಕ.

ಅಭ್ಯಾಸಕ್ಕೆ

1. 42 ಡಿಗ್ರಿ ಬಿಸಿಲಿನಲ್ಲಿ ವಿಜಯಪುರದ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಪ್ರಮಾಣಿತ ಗಾಳಿಯ 0.85ರಷ್ಟಿದೆ. ಸಮುದ್ರಮಟ್ಟದಲ್ಲಿ ಗಂಟೆಗೆ 260 ಕಿಲೋಮೀಟರು ವೇಗದಲ್ಲಿ ನೆಲ ಬಿಡುವ ವಿಮಾನ ಇಲ್ಲಿ ಯಾವ ವೇಗದಲ್ಲಿ ನೆಲ ಬಿಡುತ್ತದೆ? (ಉತ್ತರ: ಸುಮಾರು 282 ಕಿಲೋಮೀಟರು.)

2. ಒಂದೇ ಊರಿನಲ್ಲಿ, ಒತ್ತಡ ಬದಲಾಗದೆ, ಉಷ್ಣತೆ 15 ಡಿಗ್ರಿಯಿಂದ 42 ಡಿಗ್ರಿಗೆ ಏರಿದರೆ ಗಾಳಿಯ ಸಾಂದ್ರತೆ ನೂರಕ್ಕೆ ಎಷ್ಟು ಕಡಿಮೆಯಾಗುತ್ತದೆ? (ಉತ್ತರ: ಸುಮಾರು 8.6.)

3. ಲೇಹ್‌ನಲ್ಲಿ ನೀರು ಸುಮಾರು 89 ಡಿಗ್ರಿಯಲ್ಲಿ ಕುದಿಯುತ್ತದೆ. ನಮ್ಮ ಸೀಮೆಯ ತೊಗರಿ ಬೇಳೆಯನ್ನು ಅಲ್ಲಿ ತೆರೆದ ಪಾತ್ರೆಯಲ್ಲಿಟ್ಟರೆ ಬೇಯಲು ಏಕೆ ತಡ? ಕುಕ್ಕರಿನಲ್ಲಿಟ್ಟರೆ ಏಕೆ ಬೇಗ? ವಿಮಾನದ ಒಳಗಣ ಕೋಣೆಗೂ ಕುಕ್ಕರಿಗೂ ಇರುವ ಸಾಮ್ಯವನ್ನು ವಿಚಾರಿಸಿರಿ.